ಜೋಳದ ಸೀಮೆಗೆ ಖಾನಾವಳಿ, ರಾಗಿ ಸೀಮೆಗೆ ಮಿಲಿಟರಿ ಹೋಟೆಲ್: ಇದು ಹೇಗಾಯ್ತು?

ಮಂಡ್ಯ ಕಡೆಯವರು ವಿಜಯಪುರಕ್ಕೆ ಹೋದರೆ ಮೊದಲ ದಿನವೇ ಹೇಳುವ ಮಾತೊಂದಿದೆ: "ಇಲ್ಲಿ ಒಂದು ಸರಿಯಾದ ಹೋಟೆಲ್ಲೇ ಇಲ್ಲ." ವಿಜಯಪುರದವರು ಮಂಡ್ಯಕ್ಕೆ ಬಂದರೂ ಅದನ್ನೇ ಹೇಳ್ತಾರೆ. ಇಬ್ಬರೂ ಸುಳ್ಳು ಹೇಳ್ತಿಲ್ಲ. ಮಂಡ್ಯದವರು ಗಲ್ಲಿಯೊಳಗಿನ ಖಾನಾವಳಿಯ ಮುಂದೆಯೇ ಹಾದು ಹೋಗಿರ್ತಾರೆ. ಹಳೆ ಬಾಗಿಲು, ಸಣ್ಣ ಬೋರ್ಡು, ಒಳಗೆ ರೊಟ್ಟಿ ಬಡಿಯುವ ಸದ್ದು. ಅದು ಊಟದ ಜಾಗ ಅಂತ ಅವರಿಗೆ ಹೊಳೆಯೋದಿಲ್ಲ. ವಿಜಯಪುರದವರೂ ಮಂಡ್ಯದಲ್ಲಿ 'ಮಿಲಿಟರಿ ಹೋಟೆಲ್' ಬೋರ್ಡು ನೋಡಿ, ಇದು ಸಿಪಾಯಿಗಳಿಗೆ ಇರಬೇಕು ಅಂದುಕೊಂಡು ಮುಂದೆ ಹೋಗಿರ್ತಾರೆ.

ಒಂದೇ ರಾಜ್ಯ, ಒಂದೇ ಭಾಷೆ. ಆದರೂ ಹೊರಗಿನ ಊಟ ಹುಡುಕುವ ದಾರಿ ಸೀಮೆಗೊಂದು. ಇದಕ್ಕೆ ಕಾರಣ ರುಚಿ ಅಷ್ಟೇ ಅಲ್ಲ, ಚರಿತ್ರೆಯೂ ಇದೆ. ಆ ಚರಿತ್ರೆಯಲ್ಲಿ ಖಾರ ಇರುವಷ್ಟೇ ಕಹಿಯೂ ಇದೆ.

ಮೊದಲಿಗೆ ಒಂದು ವಿಷಯ. ಬೇಯಿಸಿದ ಅನ್ನಕ್ಕೆ ದುಡ್ಡು ತಗೊಳ್ಳೋದು ನಮ್ಮಲ್ಲಿ ಬಹಳ ಕಾಲ ಮರ್ಯಾದೆಯ ಕೆಲಸ ಆಗಿರಲಿಲ್ಲ. ಅನ್ನ ಹಾಕಬೇಕು, ಮಾರಬಾರದು ಅನ್ನೋದು ಹಿರಿಯರ ಮಾತು. ದಾರಿಹೋಕರಿಗೆ ಛತ್ರ ಇತ್ತು, ಮಠಗಳಲ್ಲಿ ದಾಸೋಹ ಇತ್ತು, ದೇವಸ್ಥಾನದಲ್ಲಿ ಪ್ರಸಾದ ಇತ್ತು. ಊರಿಗೆ ಬಂದವರು ನೆಂಟರ ಮನೆಯಲ್ಲಿ ಅಥವಾ ತಮ್ಮ ಜಾತಿಯವರ ಮನೆಯಲ್ಲಿ ಉಣ್ಣುತ್ತಿದ್ದರು. ಇಲ್ಲವೇ ಬುತ್ತಿ ಕಟ್ಟಿಕೊಂಡು ಬಂದು ಕೆರೆ ಏರಿ ಮೇಲೆ ಬಿಚ್ಚುತ್ತಿದ್ದರು. ಜೋಳದ ಕಟಕ ರೊಟ್ಟಿ, ಶೇಂಗಾ ಚಟ್ನಿ ಎಷ್ಟೋ ದಿನ ಕೆಡದೆ ಇರೋದು ಸುಮ್ಮನೆ ಅಲ್ಲ. ಅದು ಬಂಡಿ ಕಟ್ಟಿ ಸಂತೆಗೆ ಹೋಗುವವರ ಊಟ.

ಹಾಗಾದರೆ ಹೋಟೆಲ್ ಯಾವಾಗ ಬಂತು? ನೆಂಟರಿಲ್ಲದ ಊರಿಗೆ ಜನ ದುಡಿಯೋಕೆ, ಓದೋಕೆ, ಕೋರ್ಟಿಗೆ ಅಲೆಯೋಕೆ ಹೋದಾಗ ಬಂತು. ರೈಲು, ಗಿರಣಿ, ಕಾಲೇಜು, ಕಚೇರಿ ಬಂದ ಕಡೆ ಹೋಟೆಲ್ ಬಂತು. ಅಡುಗೆ ಚೆನ್ನಾಗಿರುವ ಊರಲ್ಲೆಲ್ಲ ಒಳ್ಳೆ ಹೋಟೆಲ್ ಇರಬೇಕು ಅಂತೇನಿಲ್ಲ. ಕೊಡಗಿನ ಮನೆಯಲ್ಲಿ ಕಡುಬು, ಹಂದಿ ಸಾರು ಉಂಡವರಿಗೆ ಅದರ ರುಚಿ ಗೊತ್ತು. ಮಲೆನಾಡಿನ ಒಂಟಿ ಮನೆಗಳ ಕಳಲೆ ಪಲ್ಯ, ಅಕ್ಕಿ ರೊಟ್ಟಿಯ ರುಚಿಯೂ ಹಾಗೇ. ಅಲ್ಲಿ ಬಹುಕಾಲ ದೊಡ್ಡ ಪೇಟೆ ಇರಲಿಲ್ಲ, ಬಂದವರು ಮನೆಯಲ್ಲೇ ಉಂಡರು. ಹಾಗಾಗಿ ಆ ಅಡುಗೆ ಬೋರ್ಡು ಹಾಕಿಕೊಂಡು ರಸ್ತೆಗೆ ಬಂದದ್ದು ತಡವಾಗಿ, ಅದೂ ಪ್ರವಾಸಿಗರ ಕಾರು ಹತ್ತಿಕೊಂಡು.

ಇನ್ನೊಂದು ಕಾರಣ ಗಡಿ. 1956ರ ನವೆಂಬರ್ 1ಕ್ಕೆ ಮೊದಲು ಕನ್ನಡದ ಸೀಮೆ ಹಲವು ತುಂಡಾಗಿತ್ತು. ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಮುಂಬೈ ಪ್ರಾಂತ್ಯದಲ್ಲಿ. ದಕ್ಷಿಣ ಕನ್ನಡ ಮದ್ರಾಸಿನ ಕೈಯಲ್ಲಿ. ಬೀದರ್, ಗುಲ್ಬರ್ಗ, ರಾಯಚೂರು ನಿಜಾಮರ ಹೈದರಾಬಾದಿನಲ್ಲಿ. ಮೈಸೂರಿಗೆ ಅದರದೇ ಅರಸರು, ಕೊಡಗು ಬೇರೆಯೇ. ಹೊಟ್ಟೆಪಾಡಿಗೆ ಯಾರು ಯಾವ ದೊಡ್ಡ ಊರಿಗೆ ಹೋಗುತ್ತಿದ್ದರು ಅನ್ನೋದನ್ನ ಈ ಗಡಿಗಳೂ ತೀರ್ಮಾನಿಸಿದವು. ಉತ್ತರದವರ ಮಾತಿನಲ್ಲಿ ಮರಾಠಿಯ 'ಖಾಣಾವಳ' ಖಾನಾವಳಿಯಾಗಿ ಉಳಿಯಿತು. ಕಲಬುರಗಿಯ ಬೆಳಗಿನ ತಟ್ಟೆಗೆ ಹೈದರಾಬಾದ್ ಕಡೆಯ ತಹರಿ ಬಂತು. ಇಂದಿಗೂ ಕಲಬುರಗಿಯಲ್ಲಿ ತಹರಿ ಕೇಳಿದರೆ ಎಲ್ಲಿ ಸಿಗುತ್ತೆ ಅಂತ ಹೇಳ್ತಾರೆ. ಹಾಸನದಲ್ಲಿ ಕೇಳಿದರೆ ಅದೇನು ಅಂತ ತಿರುಗಿ ಕೇಳ್ತಾರೆ.

ಈಗ ಉಡುಪಿ ಕಡೆ ಬರೋಣ, ಯಾಕೆಂದರೆ ಹೋಟೆಲ್ ಅಂದರೆ ಉಡುಪಿ ಅಂತ ದೇಶವೇ ಹೇಳುತ್ತೆ. ಅಲ್ಲಿನ ಕೃಷ್ಣಮಠದಲ್ಲಿ, ಅಷ್ಟಮಠಗಳ ಪರ್ಯಾಯದಲ್ಲಿ ಸಾವಿರಾರು ಜನರಿಗೆ ಅಡುಗೆ ಮಾಡಿ ಪಳಗಿದ ಕೈಗಳಿದ್ದವು. ಆದರೆ ಕೈ ಪಳಗಿದ್ದರೆ ಸಾಲದು, ಊರು ಬಿಡುವ ಒತ್ತಡವೂ ಬೇಕಿತ್ತಲ್ಲ. ಸಣ್ಣ ಹಿಡುವಳಿ, ದೊಡ್ಡ ಸಂಸಾರ, ಬಡತನ ಆ ಒತ್ತಡ ತಂದವು. 1923ರ ದೊಡ್ಡ ನೆರೆ ಕರಾವಳಿಯನ್ನು ಇನ್ನಷ್ಟು ಬಳಲಿಸಿತು. ಹತ್ತು ಹನ್ನೆರಡು ವರ್ಷದ ಹುಡುಗರು ಮದ್ರಾಸಿಗೆ, ಮುಂಬೈಗೆ ಹೊರಟರು. ಲೋಟ ತೊಳೆಯೋದು, ರುಬ್ಬುವುದು, ಟೇಬಲ್ ಒರೆಸುವುದು. ಮುಂಬೈಯಲ್ಲಿ ಕನ್ನಡದ ರಾತ್ರಿ ಶಾಲೆಗಳು ನಡೆದದ್ದು ಹೆಚ್ಚಾಗಿ ಇಂಥ ಹುಡುಗರಿಗಾಗಿಯೇ. ಹಗಲು ಮಾಣಿ, ರಾತ್ರಿ ವಿದ್ಯಾರ್ಥಿ. 'ಉಡುಪಿ ಹೋಟೆಲ್ ಯಶಸ್ಸಿನ ಕತೆ' ಅಂತ ಬರೆಯುವವರು ಈ ಮಕ್ಕಳ ಕತೆಯನ್ನು ಒಂದು ಸಾಲಿನಲ್ಲಿ ಮುಗಿಸ್ತಾರೆ. ನಮಗೆ ಅದು ಸರಿ ಕಾಣೋದಿಲ್ಲ.

ಕಡಂದಲೆಯ ಕೃಷ್ಣರಾಯರು ಹೀಗೆಯೇ ಕೆಳಗಿನ ಕೆಲಸದಿಂದ ಮೇಲೆ ಬಂದವರು. ಮದ್ರಾಸಿನ ರಾಯಪೇಟೆಯಲ್ಲಿ ಒಂದು ದೊಡ್ಡ ಬಂಗಲೆ ಬಾಡಿಗೆಗೆ ಹಿಡಿದು 1938ರಲ್ಲಿ ಹೋಟೆಲ್ ಶುರು ಮಾಡಿದರು. ಬಂಗಲೆಯ ಹೆಸರೇ ಹೋಟೆಲಿಗೂ ಬಂತು: ವುಡ್‌ಲ್ಯಾಂಡ್ಸ್. ಮುಂಬೈಯ ಮಾಟುಂಗಾದಲ್ಲಿ ರಾಮ ನಾಯಕರು 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದರು. ಬೆಂಗಳೂರಿನಲ್ಲಿ ಪಾರಂಪಳ್ಳಿಯ ಮಯ್ಯ ಸಹೋದರರ ಕಾಫಿ ಹೋಟೆಲ್ 1924ರಲ್ಲಿ ಶುರುವಾಯಿತು, ಮುಂದೆ ಅದೇ ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು. ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದೆ ರವೆಯಲ್ಲಿ ಇಡ್ಲಿ ಮಾಡಿದ್ದು ತಾವೇ ಮೊದಲು ಅಂತ ಅವರು ಹೇಳ್ತಾರೆ. 1974ರ ಭೂಸುಧಾರಣೆಯಲ್ಲಿ ಉಳುವವನಿಗೆ ಹೊಲ ಬಂದಾಗ, ಗೇಣಿ ಕಳಕೊಂಡ ಕರಾವಳಿಯ ಇನ್ನೊಂದಷ್ಟು ಮನೆತನಗಳೂ ಹೋಟೆಲಿಗೆ ಬಂದವು. ಬಂಟರ ಹೋಟೆಲುಗಳು ಊರೂರಿಗೆ ಹರಡಿದ್ದರಲ್ಲಿ ಇದರ ಪಾಲೂ ಇದೆ.

ಒಂದು ತಮಾಷೆ ಗಮನಿಸಿ. ಉಡುಪಿ ಹೋಟೆಲಿನ ಪಟ್ಟಿ ಉಡುಪಿಯ ಎಲ್ಲರ ಮನೆ ಊಟ ಅಲ್ಲ. ಅಲ್ಲಿನ ಹೆಚ್ಚಿನ ಮನೆಗಳಲ್ಲಿ ಕುಚ್ಚಲಕ್ಕಿ ಗಂಜಿ, ಮೀನು ಸಾರು. ದೇಶ ಸುತ್ತಿದ್ದು ಒಂದು ಸಮುದಾಯದ ಅಡುಗೆ, ಅದೂ ಹೋದ ಊರಿನ ನಾಲಗೆಗೆ ತಕ್ಕಂತೆ ಬದಲಾಗುತ್ತಾ. ಮುಂಬೈಯ ಉಡುಪಿ ಹೋಟೆಲಿನಲ್ಲಿ ಪಾವ್ ಭಾಜಿಯೂ ಇರುತ್ತೆ, ಬೆಂಗಳೂರಿನಲ್ಲಿ ಸಾಂಬಾರಿಗೆ ಬೆಲ್ಲ ಬೀಳುತ್ತೆ. ಎಲ್ಲೇ ಹೋದರೂ ಹೆದರದೆ ಒಳಗೆ ಹೋಗಬಹುದಾದ ಹೋಟೆಲ್ ಅಂತ ಜನ ನಂಬಿದ್ದೇ ಅವರ ಬಂಡವಾಳ.

ಆದರೆ ಹೆದರದೆ ಒಳಗೆ ಹೋಗುವ ಭಾಗ್ಯ ಎಲ್ಲರಿಗೂ ಇತ್ತಾ? ಇರಲಿಲ್ಲ. ಆ ಮಯ್ಯರ ಹೋಟೆಲಿನ ಮೊದಲ ಹೆಸರೇ ಬ್ರಾಹ್ಮಣರ ಕಾಫಿ ಕ್ಲಬ್. ಅದೊಂದೇ ಅಲ್ಲ, ಆ ಕಾಲದ ಎಷ್ಟೋ ಬೋರ್ಡುಗಳಲ್ಲಿ ಜಾತಿ ಇತ್ತು. ಯಾರು ಬೇಯಿಸಿದ್ದು ಅಂತ ಉಣ್ಣುವವರಿಗೆ ಧೈರ್ಯ ಹೇಳೋಕೆ ಆ ಬೋರ್ಡು. ಕೆಲವು ಕಡೆ ಬ್ರಾಹ್ಮಣರಿಗೆ ಒಳಗಿನ ಪಂಕ್ತಿ, ಉಳಿದವರಿಗೆ ಹೊರಗೆ. ದಲಿತರಿಗೆ ಹೊರಗೂ ಇಲ್ಲ. ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲುಗಳಿಗೆ ಜಾತಿ ಕಾರಣದಿಂದ ಯಾರನ್ನೂ ತಡೆಯಬಾರದು ಅಂತ ಬಿಡಿಸಿ ಹೇಳಬೇಕಾಗಿ ಬಂದದ್ದು ಇದಕ್ಕೇ. 1955ರ ಅಸ್ಪೃಶ್ಯತಾ ಅಪರಾಧ ಕಾಯ್ದೆ ತಡೆದವರಿಗೆ ಶಿಕ್ಷೆ ಇಟ್ಟಿತು. 1957ರಲ್ಲಿ ಮದ್ರಾಸಿನ ಟ್ರಿಪ್ಲಿಕೇನ್‌ನಲ್ಲಿ ಒಂದು ಹೋಟೆಲ್ ಬೋರ್ಡಿನಲ್ಲಿದ್ದ 'ಬ್ರಾಹ್ಮಣ' ಪದ ತೆಗೆಸಲು ಪೆರಿಯಾರ್ ಕಡೆಯವರು ಚಳವಳಿ ಹೂಡಿದರು, ನೂರಾರು ಜನ ಬಂಧನಕ್ಕೆ ಒಳಗಾದರು. ಕಾನೂನು ಬಂದ ಮೇಲೂ ನಮ್ಮ ಹಳ್ಳಿಗಳ ಚಾದಂಗಡಿಯಲ್ಲಿ ಬೇರೆ ಲೋಟ ಉಳಿದುಕೊಂಡದ್ದು ಓದುಗರಿಗೆ ನಾವು ಹೇಳಬೇಕಿಲ್ಲ. ಒಳ್ಳೆ ಊಟ ಎಲ್ಲಿ ಸಿಗುತ್ತೆ ಅನ್ನೋ ಪ್ರಶ್ನೆ ಕೆಲವರಿಗೆ ರುಚಿಯದ್ದಾದರೆ, ಕೆಲವರಿಗೆ ಯಾರು ಒಳಗೆ ಬಿಡ್ತಾರೆ ಅನ್ನೋದಾಗಿತ್ತು. ಪೇಟೆಗೆ ಹೋದ ದಲಿತರು ಪರಿಚಯ ಇಲ್ಲದ ಗದ್ದಲದ ಹೋಟೆಲನ್ನೇ ಆರಿಸಿಕೊಳ್ಳುತ್ತಿದ್ದರು ಅಂತ ನಮ್ಮ ಊರುಗಳ ಹಿರಿಯರು ಹೇಳ್ತಾರೆ. ಯಾರೂ ಹೆಸರು ಕೇಳದ ಜಾಗವೇ ಅವರಿಗೆ ಒಳ್ಳೆ ಜಾಗ.

ಖಾನಾವಳಿಯ ದಾರಿ ಬೇರೆ. ಹುಬ್ಬಳ್ಳಿಯಲ್ಲಿ ರೈಲ್ವೆ ಕಾರ್ಖಾನೆ, ಗದಗ ಹುಬ್ಬಳ್ಳಿಗಳಲ್ಲಿ ಹತ್ತಿಯ ವ್ಯಾಪಾರ, ಧಾರವಾಡದಲ್ಲಿ 1917ರಿಂದ ಕರ್ನಾಟಕ ಕಾಲೇಜು. ಹಳ್ಳಿಯಿಂದ ಬಂದ ಹುಡುಗರಿಗೆ ಎರಡು ಹೊತ್ತಿನ ರೊಟ್ಟಿ ಬೇಕು. ಇಡ್ಲಿ ಬೇಡ, ರೊಟ್ಟಿ ಬೇಕು. ತಿಂಗಳಿಗೆ ಇಷ್ಟು ಅಂತ ದುಡ್ಡು ಕಟ್ಟಿದರೆ ರೊಟ್ಟಿ, ಎಣ್ಣೆಗಾಯಿ, ಕಾಳು ಪಲ್ಯ, ಹಸಿ ಉಳ್ಳಾಗಡ್ಡಿ, ಮಜ್ಜಿಗೆ. ಇಲ್ಲಿ ಯಜಮಾನರ ಹೆಸರಿಗಿಂತ ಮುಖ್ಯ ರೊಟ್ಟಿ ಬಡಿಯುವ ಹೆಂಗಸಿನ ಕೈ. ಎಷ್ಟೋ ಖಾನಾವಳಿಗಳು ಮನೆಯ ಪಡಸಾಲೆಯಲ್ಲೇ ಶುರುವಾದವು, ಗಂಡ ತೀರಿಕೊಂಡ ಹೆಂಗಸರಿಗೆ ಸಂಸಾರ ನಡೆಸುವ ದಾರಿಯೂ ಆದವು. ಮುಂಬೈಯ ಗಿರಣಿ ಕೇರಿಗಳಲ್ಲೂ ಹೀಗೇ ಕಾರ್ಮಿಕರಿಗೆ ಊಟ ಹಾಕುತ್ತಿದ್ದ ಹೆಂಗಸರಿದ್ದರು. 1975ರಲ್ಲಿ ಅವರು ಸಾಲದ ಬಡ್ಡಿಯಿಂದ ಪಾರಾಗಲು ಅನ್ನಪೂರ್ಣಾ ಮಹಿಳಾ ಮಂಡಲದ ಹೆಸರಲ್ಲಿ ಒಂದಾದರು. ನಮ್ಮ ಖಾನಾವಳಿ ಹೆಂಗಸರ ಹೆಸರು ಮಾತ್ರ ಬೋರ್ಡಿನ ಮೇಲೆ ಕಾಣೋದು ಅಪರೂಪ. ಬೋರ್ಡಿನ ಮೇಲೆ ಬಸವೇಶ್ವರ, ಒಲೆಯ ಮುಂದೆ ಅವ್ವ.

ಮಾಂಸದ ಊಟ ಬೇಕಾದವರಿಗೆ ಸಾವಜಿ ಖಾನಾವಳಿ. ನೇಕಾರಿಕೆಯ ಎಸ್‌ಎಸ್‌ಕೆ ಸಮುದಾಯದವರದ್ದು. ಹುಬ್ಬಳ್ಳಿ, ಗದಗ ಕಡೆಯ ಸಾವಜಿ ಮಟನ್ ಖಾರ ತಿಂದು ಕಣ್ಣಲ್ಲಿ ನೀರು ಬಂದರೂ ಇನ್ನೊಂದು ರೊಟ್ಟಿ ಕೇಳುವವರನ್ನು ನಾವು ನೋಡಿದ್ದೇವೆ. ನಮ್ಮಲ್ಲೂ ಅಂಥವರಿದ್ದಾರೆ ಅನ್ನೋದು ಬೇರೆ ಮಾತು.

ದಕ್ಷಿಣದಲ್ಲಿ ಅದೇ ಕೆಲಸ ಮಾಡಿದ್ದು ಮಿಲಿಟರಿ ಹೋಟೆಲ್. ಬೆಂಗಳೂರಿನ ಕಾಟನ್‌ಪೇಟೆಯ ಎಸ್.ಜಿ. ರಾವ್ ಅವರದ್ದು 1908ರಷ್ಟು ಹಳೆಯದು. ಇವುಗಳಲ್ಲಿ ಹಲವು ಮರಾಠಾ ಮನೆತನಗಳವು. ದಂಡಿನ ಸಿಪಾಯಿಗಳ ಊಟದಿಂದ ಈ ಹೆಸರು ಬಂತು ಅನ್ನುವವರೇ ಹೆಚ್ಚು. ಬ್ರಿಟಿಷರು 1809ರ ಹೊತ್ತಿಗೆ ಬೆಂಗಳೂರಿನಲ್ಲಿ ದಂಡು ಕಟ್ಟಿದವರು, ಹಾಗಾಗಿ ಮಾತಿನಲ್ಲಿ ಹುರುಳಿದೆ. ಮೂಲ ಏನೇ ಇರಲಿ, ಬೋರ್ಡಿನ ಕೆಲಸ ಸರಳ: ಇಲ್ಲಿ ಮಾಂಸ ಸಿಗುತ್ತೆ ಅಂತ ಬಾಯಿಬಿಟ್ಟು ಹೇಳದೆ ಹೇಳೋದು. ಮುದ್ದೆ, ಕಾಲು ಸೂಪು, ಕೈಮಾ. ಮಂಡ್ಯ, ತುಮಕೂರು, ಕೋಲಾರದ ರೈತರಿಗೆ ಪೇಟೆಯಲ್ಲಿ ಮನೆಯ ಮುದ್ದೆ ಸಿಕ್ಕಿದ್ದು ಇಲ್ಲಿ. ಕಾಫಿ ಕ್ಲಬ್ಬುಗಳಲ್ಲಿ ಮುದ್ದೆಗೆ ಜಾಗ ಇರಲಿಲ್ಲ.

ನಡುವಿನ ಊರುಗಳ ಕತೆ ಇನ್ನೂ ಚೆಂದ. ಬೆಂಗಳೂರು ಮೈಸೂರು ರೈಲು ಮದ್ದೂರಿನಲ್ಲಿ ನಿಲ್ಲುತ್ತಿತ್ತು, ಸ್ಟೇಷನ್ನಿನಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುಧ್ಯರು 1917ರಲ್ಲಿ ಅವಸರಕ್ಕೆ ತಟ್ಟಿದ ವಡೆಯೇ ಮದ್ದೂರು ವಡೆ ಆಯಿತು ಅಂತಾರೆ. ದಾವಣಗೆರೆಗೆ ಬೆಳಗಾವಿ ಕಡೆಯಿಂದ 1928ರಲ್ಲಿ ಮಕ್ಕಳೊಂದಿಗೆ ಬಂದ ಚೆನ್ನಮ್ಮ ಮೊದಲು ರಾಗಿ ದೋಸೆ ಹಾಕುತ್ತಿದ್ದರಂತೆ. ಆಮೇಲೆ ಅಕ್ಕಿಗೆ ಬದಲಾಗಿ, ಬೆಣ್ಣೆ ಬಿದ್ದು, ಈಗಿನ ಬೆಣ್ಣೆ ದೋಸೆ. ದಾವಣಗೆರೆ ಹತ್ತಿ ಗಿರಣಿಗಳ ಊರಾಗಿ ಬೆಳೆಯಿತು, ದೋಸೆಗೂ ಮಂಡಕ್ಕಿ ಮೆಣಸಿನಕಾಯಿಗೂ ಸಂಜೆಯ ಗಿರಾಕಿ ಸಿಕ್ಕಿದ್ದು ಹಾಗೆ.

1983ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಕೆಫೆ ದರ್ಶಿನಿ ಬಂತು. ನಿಂತು ತಿನ್ನು, ಮೊದಲು ಚೀಟಿ ತಗೋ, ಅಡುಗೆಮನೆ ಕಣ್ಣೆದುರೇ. ಕುಳಿತುಕೊಳ್ಳಲು ಸೊಗಸಿಲ್ಲ ಅಂತ ಹಳಬರು ಗೊಣಗಿದರು. ನಮಗೆ ಅದರಲ್ಲಿ ಒಂದು ಒಳ್ಳೆಯದು ಕಾಣುತ್ತೆ: ಪಂಕ್ತಿಯೇ ಇಲ್ಲದ ಕಡೆ ಪಂಕ್ತಿಭೇದ ಎಲ್ಲಿಂದ ಬರಬೇಕು? ಒಂದೇ ಕಲ್ಲಿನ ಮೇಜಿಗೆ ಆಟೋ ಚಾಲಕರೂ ಆಫೀಸರೂ ಮೊಣಕೈ ಊರಿದರು.

ಈಗ ಹೆದ್ದಾರಿಯಲ್ಲಿ ಬೀದರಿನಿಂದ ಚಾಮರಾಜನಗರದವರೆಗೆ ಪಟ್ಟಿ ಬಹುತೇಕ ಒಂದೇ: ಗೋಬಿ ಮಂಚೂರಿ, ಪನೀರ್ ಮಸಾಲ, ಫ್ರೈಡ್ ರೈಸ್. ಗೋಬಿಗೆ ಹಾಕುತ್ತಿದ್ದ ಬಣ್ಣವನ್ನು ಸರ್ಕಾರ 2024ರಲ್ಲಿ ನಿಷೇಧಿಸಬೇಕಾಯಿತು. ಹೊಸ ಊರಿಗೆ ಹೋದಾಗ ನಾವು ಮಾಡೋದು ಇಷ್ಟೇ. ಉತ್ತರದಲ್ಲಿ ಬಸ್ ಸ್ಟ್ಯಾಂಡ್ ಎದುರಿನ ಹೊಳೆಯುವ ಬೋರ್ಡು ಬಿಟ್ಟು, ಕಾಲೇಜು ಹುಡುಗರು ತಿಂಗಳ ದುಡ್ಡು ಎಲ್ಲಿ ಕಟ್ಟುತ್ತಾರೆ ಅಂತ ಕೇಳ್ತೇವೆ. ದಿನಾ ಉಣ್ಣುವವರಿಗೆ ಹಳಸಿದ್ದು ಹಾಕಿದರೆ ಅವರು ಮುಂದಿನ ತಿಂಗಳು ಬರೋದಿಲ್ಲ. ದಕ್ಷಿಣದಲ್ಲಿ ಮಧ್ಯಾಹ್ನ ಒಂದು ಗಂಟೆಗೆ ಎಲ್ಲಿ ಮುದ್ದೆ ಖಾಲಿಯಾಗಿರುತ್ತೋ ಆ ಹೋಟೆಲನ್ನು ಗುರುತಿಟ್ಟುಕೊಂಡು ಮರುದಿನ ಹನ್ನೆರಡಕ್ಕೆ ಹೋಗ್ತೇವೆ. ಕರಾವಳಿಯಲ್ಲಿ ಮೀನಿನ ಊಟಕ್ಕೆ ಬಂದರಿನಲ್ಲಿ ಕೆಲಸ ಮಾಡುವವರನ್ನು ಕೇಳಬೇಕು. ಮಲೆನಾಡಿನಲ್ಲಿ ಇನ್ನೂ ನೆಂಟರೇ ಗತಿ.

ಖಾನಾವಳಿಗಳಿಗೆ ಈಗ ಇರುವ ದೊಡ್ಡ ಚಿಂತೆ ಗಿರಾಕಿಯದ್ದಲ್ಲ, ರೊಟ್ಟಿ ಬಡಿಯುವವರದ್ದು. ಬೆಳಗಿನಿಂದ ಉರಿ ಮುಂದೆ ಕೂತು ಬೆನ್ನು, ಮೊಣಕಾಲು ಹಾಳು ಮಾಡಿಕೊಂಡ ಅವ್ವಂದಿರು ಮಗಳು ಈ ಕೆಲಸಕ್ಕೆ ಬರಬಾರದು ಅಂತಾರೆ. ಅವರು ಹೇಳೋದು ನ್ಯಾಯ. ಕೆಲವು ಕಡೆ ರೊಟ್ಟಿ ಯಂತ್ರ ಬಂದಿದೆ. ಕೆಲವು ಕಡೆ ಸ್ವಸಹಾಯ ಸಂಘದ ಹೆಂಗಸರು ಕಟಕ ರೊಟ್ಟಿ ಮಾಡಿ ಪ್ಯಾಕೆಟ್ ಕಟ್ಟಿ ಬೆಂಗಳೂರಿಗೆ ಬಸ್ಸಿನಲ್ಲಿ ಕಳಿಸ್ತಾರೆ. ಆ ಪ್ಯಾಕೆಟ್ಟಿನ ಮೇಲೆ ಸಂಘದ ಹೆಸರಿನ ಜೊತೆ ಹೆಂಗಸರ ಫೋನ್ ನಂಬರೂ ಇರುತ್ತೆ.