ಕಲಬುರಗಿ–ಬೆಂಗಳೂರು ವಿಮಾನ ಮಾರ್ಗದ ದೂರ ಮತ್ತು ಪ್ರಯಾಣದ ಅವಧಿ

ಕಲಬುರಗಿ ವಿಮಾನ ನಿಲ್ದಾಣ (ಸಂಕೇತ: ಜಿಬಿಐ) ಮತ್ತು ಬೆಂಗಳೂರಿನ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ (ಸಂಕೇತ: ಬಿಎಲ್‌ಆರ್) ಇವುಗಳ ನಡುವಿನ ನೇರ ವಾಯು ದೂರ ಸುಮಾರು 465 ಕಿ.ಮೀ., ಅಂದರೆ ಸುಮಾರು 251 ನಾಟಿಕಲ್ ಮೈಲಿ. ನೇರ ವಿಮಾನದಲ್ಲಿ ಈ ದೂರವನ್ನು ಕ್ರಮಿಸಲು ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು ಸಮಯ ಬೇಕಾಗುತ್ತದೆ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲ್ಲೂಕುಗಳ ಜನರಿಗೆ ಕಲಬುರಗಿಯು ಸಮೀಪದ ನಿಲ್ದಾಣಗಳಲ್ಲಿ ಒಂದಾಗಿದೆ. ಆದರೆ ಇವರ ಪಾಲಿಗೆ ಹಾರಾಟಕ್ಕಿಂತ ನಿಲ್ದಾಣವನ್ನು ತಲುಪುವ ರಸ್ತೆ ಪ್ರಯಾಣವೇ ದೀರ್ಘವಾದುದು.

ದೂರದ ಲೆಕ್ಕಾಚಾರ

ಎರಡು ನಿಲ್ದಾಣಗಳ ಅಕ್ಷಾಂಶ ಮತ್ತು ರೇಖಾಂಶಗಳನ್ನು ಆಧರಿಸಿ, ಭೂಗೋಳದ ಮೇಲ್ಮೈಯಲ್ಲಿನ ಅತಿ ಹ್ರಸ್ವ ಮಾರ್ಗವನ್ನು ವಾಯು ದೂರವೆಂದು ಪರಿಗಣಿಸಲಾಗುತ್ತದೆ. ಇದನ್ನು ಮಹಾವೃತ್ತ ದೂರ ಎನ್ನುತ್ತಾರೆ. ಒಂದು ಡಿಗ್ರಿ ಅಕ್ಷಾಂಶವು ಸುಮಾರು 111 ಕಿ.ಮೀ.ಗೆ ಸಮ. ಕಲಬುರಗಿಯು ಬೆಂಗಳೂರಿಗಿಂತ ಸುಮಾರು 4.1 ಡಿಗ್ರಿ ಉತ್ತರದಲ್ಲಿದೆ.

ಹಾರಾಟದ ಅವಧಿ

ಜೆಟ್ ವಿಮಾನವು ಗಂಟೆಗೆ 800 ಕಿ.ಮೀ. ವೇಗದಲ್ಲಿ ಹಾರಿದರೆ 465 ಕಿ.ಮೀ. ದೂರಕ್ಕೆ 35 ನಿಮಿಷ ಸಾಕು. ಆದರೆ ರನ್‌ವೇವರೆಗಿನ ಚಲನೆ, ಮೇಲೇರುವಿಕೆ, ಇಳಿಯುವಿಕೆ ಮತ್ತು ಸರದಿಗಾಗಿ ಕಾಯುವಿಕೆಗಳಿಂದ ಅವಧಿ ಹೆಚ್ಚುತ್ತದೆ. ಎಟಿಆರ್-72ರಂತಹ ಪ್ರೊಪೆಲ್ಲರ್ ವಿಮಾನಗಳ ವೇಗ ಗಂಟೆಗೆ ಸುಮಾರು 500 ಕಿ.ಮೀ. ಮಾತ್ರ. ಈ ಹೆಚ್ಚುವರಿ ಸಮಯದ ಪ್ರಭಾವ ದೀರ್ಘ ಮಾರ್ಗಗಳಲ್ಲಿ ಕಡಿಮೆ. 2021ರ ಜನವರಿಯಲ್ಲಿ ಆರಂಭವಾದ ಸ್ಯಾನ್ ಫ್ರಾನ್ಸಿಸ್ಕೋ–ಬೆಂಗಳೂರು ವಿಮಾನವು ಸುಮಾರು 14,000 ಕಿ.ಮೀ.ಗಳನ್ನು ಸುಮಾರು 17 ಗಂಟೆಗಳಲ್ಲಿ ಕ್ರಮಿಸಿತು. ಅಂದರೆ ಸರಾಸರಿ ವೇಗ ಗಂಟೆಗೆ 820 ಕಿ.ಮೀ. ಕಲಬುರಗಿ ಮಾರ್ಗದಲ್ಲಿ ಈ ಸರಾಸರಿಯು ಅದರ ಅರ್ಧದಷ್ಟು ಮಾತ್ರ.

ತಾಲ್ಲೂಕು ಕೇಂದ್ರಗಳಿಂದ ಕಲಬುರಗಿ ನಿಲ್ದಾಣಕ್ಕೆ ನೇರ ದೂರ (ಅಂದಾಜು)

* ಸಿಂದಗಿ – 88 ಕಿ.ಮೀ.
* ಇಂಡಿ – 108 ಕಿ.ಮೀ.
* ಬಸವನ ಬಾಗೇವಾಡಿ – 133 ಕಿ.ಮೀ.
* ಮುದ್ದೇಬಿಹಾಳ – 139 ಕಿ.ಮೀ.

ರಸ್ತೆಯ ದೂರ ಇದಕ್ಕಿಂತ ಹೆಚ್ಚು. ಭೀಮಾ ನದಿಯನ್ನು ಸೇತುವೆ ಇರುವಲ್ಲಿಯೇ ದಾಟಬೇಕಾದ ಕಾರಣ, ಸಿಂದಗಿಯಿಂದ ಹೊರಟವರು ಜೇವರ್ಗಿಯ ಮೂಲಕ ಸಾಗುತ್ತಾರೆ. ನಿಲ್ದಾಣವು ಕಲಬುರಗಿ ನಗರದ ಆಚೆ, ಸೇಡಂ ರಸ್ತೆಯ ಕಡೆಗಿದೆ. ಇಂಡಿಗೆ ಮಹಾರಾಷ್ಟ್ರದ ಸೊಲ್ಲಾಪುರ ವಿಮಾನ ನಿಲ್ದಾಣವು ನೇರ ದೂರದಲ್ಲಿ ಸುಮಾರು 50 ಕಿ.ಮೀ. ಮಾತ್ರ. ಮುದ್ದೇಬಿಹಾಳದಿಂದ ಹುಬ್ಬಳ್ಳಿ ನಿಲ್ದಾಣಕ್ಕೆ ಈ ದೂರ ಸುಮಾರು 156 ಕಿ.ಮೀ.

ಹೀಗಾಗಿ ಒಟ್ಟು ಪ್ರಯಾಣದ ಅವಧಿಯನ್ನು ಲೆಕ್ಕ ಹಾಕುವಾಗ ರಸ್ತೆಯ ಸಮಯ, ನಿಲ್ದಾಣದಲ್ಲಿ ಮುಂಚಿತವಾಗಿ ಹಾಜರಿರಬೇಕಾದ ಸಮಯ ಹಾಗೂ ದೇವನಹಳ್ಳಿಯಿಂದ ಬೆಂಗಳೂರು ನಗರದೊಳಕ್ಕೆ ಸಾಗುವ ಸಮಯವನ್ನೂ ಸೇರಿಸಬೇಕು.

ಸೇವೆಯ ನಿರಂತರತೆ

ಕಲಬುರಗಿ ನಿಲ್ದಾಣವು 2019ರ ನವೆಂಬರ್ 22ರಂದು ಉದ್ಘಾಟನೆಗೊಂಡಿತು. ಇಂತಹ ಪ್ರಾದೇಶಿಕ ಮಾರ್ಗಗಳಿಗೆ ಕೇಂದ್ರ ಸರ್ಕಾರದ ಉಡಾನ್ ಯೋಜನೆಯಡಿ ದೊರೆಯುವ ಸಹಾಯಧನವು ಮೂರು ವರ್ಷಗಳಿಗೆ ಸೀಮಿತ. ಆ ಬಳಿಕ ಪ್ರಯಾಣಿಕರ ಸಂಖ್ಯೆಯನ್ನು ಅವಲಂಬಿಸಿ ಸೇವೆ ಮುಂದುವರಿಯಬಹುದು ಅಥವಾ ನಿಲ್ಲಬಹುದು. ಆದುದರಿಂದ ಪ್ರಯಾಣಕ್ಕೆ ಮುನ್ನ ಪ್ರಸ್ತುತ ವೇಳಾಪಟ್ಟಿಯನ್ನು ಪರಿಶೀಲಿಸುವುದು ಅಗತ್ಯ.

ವಿಜಯಪುರ ವಿಮಾನ ನಿಲ್ದಾಣ

ವಿಜಯಪುರ ನಗರದ ಸಮೀಪದ ಬುರಣಾಪುರ–ಮದಭಾವಿ ಪ್ರದೇಶದಲ್ಲಿ ನಿಲ್ದಾಣ ನಿರ್ಮಾಣಕ್ಕೆ 2021ರ ಫೆಬ್ರುವರಿಯಲ್ಲಿ ಶಂಕುಸ್ಥಾಪನೆ ನೆರವೇರಿತು. ಮೊದಲು ಎಟಿಆರ್-72 ವಿಮಾನಗಳಿಗಾಗಿ ರೂಪಿಸಿದ್ದ ಈ ಯೋಜನೆಯನ್ನು ಅನಂತರ ಏರ್‌ಬಸ್ ಎ320 ವಿಮಾನಗಳಿಗೆ ಅನುಗುಣವಾಗಿ ವಿಸ್ತರಿಸಲಾಯಿತು. ನಾಲ್ಕೂ ತಾಲ್ಲೂಕು ಕೇಂದ್ರಗಳು ವಿಜಯಪುರ ನಗರದಿಂದ ನೇರ ದೂರದಲ್ಲಿ ಸುಮಾರು 39ರಿಂದ 70 ಕಿ.ಮೀ. ಒಳಗಿವೆ. ವಿಜಯಪುರದಿಂದ ಬೆಂಗಳೂರು ನಿಲ್ದಾಣಕ್ಕೆ ವಾಯು ದೂರ ಸುಮಾರು 455 ಕಿ.ಮೀ. ಆದ್ದರಿಂದ ಇಲ್ಲಿಂದ ವಿಮಾನ ಹಾರಿದರೂ ಹಾರಾಟದ ಅವಧಿ ಬಹುತೇಕ ಅಷ್ಟೇ ಇರುತ್ತದೆ. ಕಡಿಮೆಯಾಗುವುದು ರಸ್ತೆಯ ಸಮಯ.