ಹಾಡಿನ ಬುನಾದಿ ಹಾಕಿದ ಅನಾಮಿಕ

ಪಾಪ್ ಅಥವಾ ರಾಕ್ ಬ್ಯಾಂಡಿನ ಕಾರ್ಯಕ್ರಮಕ್ಕೆ ಹೋದವರ ಕಣ್ಣು ಮೊದಲು ಹಾಯುವುದು ಗಾಯಕನತ್ತ, ಆಮೇಲೆ ಗಿಟಾರ್ ವಾದಕನತ್ತ. ಡ್ರಮ್ಸ್ ಪಕ್ಕದಲ್ಲಿ ನಿಂತು ನಾಲ್ಕು ದಪ್ಪ ತಂತಿಗಳನ್ನು ಮೀಟುವ ಬೇಸ್ ವಾದಕನನ್ನು ಗಮನಿಸುವವರು ಕಡಿಮೆ. ಆದರೆ ಅವನು ಅರೆನಿಮಿಷ ಕೈ ಬಿಟ್ಟರೆ ಹಾಡು ಸೊರಗುತ್ತದೆ. ಏನು ಕಡಿಮೆಯಾಯಿತೆಂದು ಕೇಳುಗನಿಗೆ ಹೇಳಲು ಬಾರದು. ಕಡಿಮೆಯಾಯಿತೆಂಬುದು ಮಾತ್ರ ಗೊತ್ತಾಗುತ್ತದೆ. ಒಳ್ಳೆಯ ಬೇಸ್ ವಾದಕನ ಲಕ್ಷಣಗಳೇನು ಎಂಬ ಪ್ರಶ್ನೆಗೆ ಅಮೆರಿಕದ ಜೇಮ್ಸ್ ಜೇಮರ್ಸನ್ ಅವರ ಬದುಕಿನಲ್ಲಿ ಉತ್ತರವಿದೆ. ಆ ಲಕ್ಷಣಗಳಿಗಾಗಿ ಅವರು ತೆತ್ತ ಬೆಲೆಯೂ ಅಲ್ಲೇ ಇದೆ.

ಬೇಸ್ ಗಿಟಾರ್ ಹಳೆಯ ವಾದ್ಯವೇನಲ್ಲ. ಹಿಂದೆ ವಾದ್ಯವೃಂದಗಳಲ್ಲಿ ಮಂದ್ರ ಸ್ವರಗಳಿಗೆ ಆಳೆತ್ತರದ ಡಬಲ್ ಬೇಸ್ ಬಳಕೆಯಲ್ಲಿತ್ತು. ಅದನ್ನು ಸಾಗಿಸುವುದು ಕಷ್ಟ. ಡ್ರಮ್ಸ್ ಮತ್ತು ವಿದ್ಯುತ್ ಗಿಟಾರುಗಳ ಅಬ್ಬರದಲ್ಲಿ ಅದರ ದನಿ ಕೇಳುತ್ತಲೂ ಇರಲಿಲ್ಲ. 1951ರಲ್ಲಿ ಕ್ಯಾಲಿಫೋರ್ನಿಯಾದ ಲಿಯೊ ಫೆಂಡರ್ ‘ಪ್ರಿಸಿಷನ್ ಬೇಸ್’ ಎಂಬ ವಿದ್ಯುತ್ ವಾದ್ಯವನ್ನು ಮಾರುಕಟ್ಟೆಗೆ ತಂದರು. ಗಿಟಾರಿನ ಕೆಳಗಿನ ನಾಲ್ಕು ತಂತಿಗಳ ಸ್ವರಗಳೇ ಇದರಲ್ಲಿ ಒಂದು ಸ್ಥಾಯಿ ಕೆಳಗೆ ನುಡಿಯುತ್ತವೆ.

ಬೇಸ್ ಎಂದರೆ ನಮ್ಮ ತಂಬೂರಿಯಂತೆ ಎಂದು ತಿಳಿಯುವವರುಂಟು. ತಂಬೂರಿಯ ಶ್ರುತಿ ಕಛೇರಿಯುದ್ದಕ್ಕೂ ಅಚಲ. ಪಾಶ್ಚಾತ್ಯ ಹಾಡಿನಲ್ಲಾದರೋ ಒಟ್ಟಿಗೆ ನುಡಿಯುವ ಸ್ವರಗಳ ಗುಚ್ಛ, ಅಂದರೆ ‘ಕಾರ್ಡ್’, ಮತ್ತೆ ಮತ್ತೆ ಬದಲಾಗುತ್ತದೆ. ಪ್ರತಿ ಬದಲಾವಣೆಯನ್ನೂ ತಳದಿಂದ ಕಿವಿಗೆ ತಿಳಿಸುವುದು ಬೇಸ್ ವಾದಕನ ಕೆಲಸ. ಮೇಲಿನ ಸ್ವರಗಳು ಹಾಗೆಯೇ ಇದ್ದು ಕೆಳಗಿನ ಒಂದೇ ಸ್ವರ ಬದಲಾದರೂ ಹಾಡಿನ ಭಾವ ಬೇರೆಯಾಗುತ್ತದೆ. ಲಯದ ಹೊಣೆಯಲ್ಲೂ ಅವನಿಗೆ ಪಾಲಿದೆ. ಹೀಗೆ ತಾಳಕ್ಕೂ ರಾಗಕ್ಕೂ ನಡುವಿನ ಸೇತುವೆ ಅವನು.

ಜೇಮರ್ಸನ್ ಹುಟ್ಟಿದ್ದು 1936ರಲ್ಲಿ, ದಕ್ಷಿಣ ಕರೊಲಿನಾದ ಎಡಿಸ್ಟೊ ದ್ವೀಪದಲ್ಲಿ. ದಕ್ಷಿಣದ ಲಕ್ಷಾಂತರ ಕಪ್ಪು ಜನರಂತೆ ಅವರ ಕುಟುಂಬವೂ ಉತ್ತರದ ಕೈಗಾರಿಕಾ ನಗರಕ್ಕೆ ವಲಸೆ ಹೋಯಿತು. 1954ರಲ್ಲಿ ಡೆಟ್ರಾಯಿಟ್ ಸೇರಿದ ಅವರು ಅಲ್ಲಿನ ಶಾಲೆಯಲ್ಲಿ ಡಬಲ್ ಬೇಸ್ ಕಲಿತು ಜಾಝ್ ಕ್ಲಬ್ಬುಗಳಲ್ಲಿ ನುಡಿಸತೊಡಗಿದರು. ಕಾರು ಕಾರ್ಖಾನೆಯ ಜೋಡಣಾ ಸಾಲಿನಲ್ಲಿ ದುಡಿದಿದ್ದ ಬೆರ್ರಿ ಗಾರ್ಡಿ 1959ರಲ್ಲಿ ಅದೇ ಊರಿನಲ್ಲಿ ಮೋಟೌನ್ ಧ್ವನಿಮುದ್ರಣ ಕಂಪೆನಿ ಆರಂಭಿಸಿದರು. ಸಾಮಾನ್ಯ ಮನೆಯೊಂದೇ ಅದರ ಸ್ಟುಡಿಯೊ. ಚಾವಣಿಯಿಂದ ತಂತಿಗಳು ಜೋತುಬಿದ್ದಿದ್ದ ಆ ಕೋಣೆಗೆ ವಾದಕರು ‘ಹಾವಿನ ಗುಂಡಿ’ ಎಂದು ಹೆಸರಿಟ್ಟಿದ್ದರು. ಸುಪ್ರೀಮ್ಸ್, ಟೆಂಪ್ಟೇಷನ್ಸ್, ಫೋರ್ ಟಾಪ್ಸ್, ಮಾರ್ವಿನ್ ಗೇ, ಸ್ಟೀವಿ ವಂಡರ್ ಮೊದಲಾದವರ ಹಾಡುಗಳು ಇಲ್ಲಿಂದಲೇ ಜಗತ್ತಿಗೆ ಹೊರಟವು. ಹಾಡುವವರು ಬದಲಾಗುತ್ತಿದ್ದರು, ಹಿಂದೆ ನುಡಿಸುವವರು ಬಹುಮಟ್ಟಿಗೆ ‘ಫಂಕ್ ಬ್ರದರ್ಸ್’ ಎಂಬ ಒಂದೇ ಬಳಗದವರು.

ಬೇಸ್ ವಾದಕನ ಮೊದಲ ಗುಣ ಕಾಲಪ್ರಜ್ಞೆ. ಡ್ರಮ್ಸ್ ವಾದಕ ಕಾಲಿನಿಂದ ಬಡಿಯುವ ದೊಡ್ಡ ಡ್ರಮ್ಮಿನ ಪೆಟ್ಟಿಗೂ ಬೇಸ್ ಸ್ವರಕ್ಕೂ ಹೊಂದಿಕೆ ತಪ್ಪಿದರೆ ಎಂಥ ಗಾಯಕನೂ ಹಾಡನ್ನು ಉಳಿಸಲಾರ. ಜೇಮರ್ಸನ್ ಮತ್ತು ಡ್ರಮ್ಸ್ ವಾದಕ ಬೆನ್ನಿ ಬೆಂಜಮಿನ್ ಅವರ ಜೋಡಿ ಈ ಹೊಂದಿಕೆಗೆ ಹೆಸರಾಗಿತ್ತು. ಎರಡನೆಯ ಗುಣ ಸಂಯಮ. ಟೆಂಪ್ಟೇಷನ್ಸ್ ತಂಡದ ‘ಮೈ ಗರ್ಲ್’ (1964) ಜೇಮರ್ಸನ್ ಬೇಸ್‌ನಿಂದಲೇ ಶುರುವಾಗುತ್ತದೆ. ಇರುವುದು ಬೆರಳೆಣಿಕೆಯ ಸ್ವರಗಳು, ನಡುನಡುವೆ ಮೌನ. ಅಷ್ಟರಿಂದಲೇ ಹಾಡಿನ ನಡಿಗೆ ನಿಗದಿಯಾಗುತ್ತದೆ.

ಸಂಯಮವೆಂದರೆ ಅಂಜಿಕೆಯಲ್ಲ. 1968ರಲ್ಲಿ ಹೊರಬಂದ ಸ್ಟೀವಿ ವಂಡರ್ ಅವರ ‘ಫಾರ್ ಒನ್ಸ್ ಇನ್ ಮೈ ಲೈಫ್’ನಲ್ಲಿ ಇದೇ ಜೇಮರ್ಸನ್ ತಳದಲ್ಲಿ ಪಾದರಸದಂತೆ ಓಡಾಡುತ್ತಾರೆ, ಬಂದ ನಡೆ ಹಾಗೆಯೇ ಮರಳಿ ಬರುವುದು ಅಪರೂಪ. ಆದರೂ ಗಾಯಕನ ದನಿಯನ್ನು ಅದು ತುಳಿಯುವುದಿಲ್ಲ. ಎಲ್ಲಿ ಸುಮ್ಮನಿರಬೇಕು, ಎಲ್ಲಿ ತುಂಬಬೇಕು ಎಂಬುದನ್ನು ಹೇಳಿಕೊಡುವುದು ಮೂರನೆಯ ಗುಣವಾದ ಕಿವಿ. ಬೆರಳ ಚಳಕ ಅದರ ನಂತರದ್ದು. ಜೇಮರ್ಸನ್ ಮೀಟುತ್ತಿದ್ದುದು ಬಲಗೈಯ ತೋರುಬೆರಳೊಂದರಿಂದ. ಗೆಳೆಯರು ಅದನ್ನು ‘ಕೊಕ್ಕೆ’ ಎನ್ನುತ್ತಿದ್ದರು. ತಮ್ಮ 1962ರ ಫೆಂಡರ್ ಬೇಸ್‌ನ ತಂತಿಗಳನ್ನು, ಹರಿಯದ ಹೊರತು, ಅವರು ಬದಲಿಸುತ್ತಲೇ ಇರಲಿಲ್ಲ. ಸವೆದ ತಂತಿಯ ಮೆತ್ತನೆಯ ದನಿಯೇ ಅವರಿಗೆ ಬೇಕಿತ್ತು.

ಇಷ್ಟಾದರೂ 1960ರ ದಶಕದ ಮೋಟೌನ್ ತಟ್ಟೆಗಳ ಮೇಲೆ ಈ ವಾದಕರ ಹೆಸರಿರಲಿಲ್ಲ. ಬೀಟಲ್ಸ್ ತಂಡದ ಬೇಸ್ ವಾದಕ ಪಾಲ್ ಮೆಕಾರ್ಟ್ನಿ ಅವರು ಜೇಮರ್ಸನ್ ತಮಗೆ ಆದರ್ಶವಾಗಿದ್ದರೆಂದೂ, ಬಹುಕಾಲ ಅವರ ಹೆಸರೇ ತಿಳಿದಿರಲಿಲ್ಲವೆಂದೂ ಹೇಳಿದ್ದಾರೆ. 1971ರಲ್ಲಿ ಮಾರ್ವಿನ್ ಗೇ ಅವರ ‘ವಾಟ್ಸ್ ಗೋಯಿಂಗ್ ಆನ್’ ಬಂದಾಗ ಅದರ ಲಕೋಟೆಯ ಮೇಲೆ ವಾದಕರ ಹೆಸರುಗಳು ಅಚ್ಚಾದವು. ಮರುವರ್ಷವೇ ಕಂಪೆನಿ ಲಾಸ್ ಏಂಜಲಿಸ್‌ಗೆ ಹೋಯಿತು. ಜೇಮರ್ಸನ್ ಹಿಂದೆಯೇ ಹೋದರು, ಆದರೆ ಅಲ್ಲಿ ನೆಲೆ ಸಿಗಲಿಲ್ಲ. ಕುಡಿತ ಅವರ ಆರೋಗ್ಯವನ್ನು ತಿಂದುಹಾಕಿತ್ತು. 1983ರ ಮಾರ್ಚಿನಲ್ಲಿ ಮೋಟೌನ್‌ನ 25 ವರ್ಷಗಳ ಉತ್ಸವ ನಡೆದಾಗ ಅವರು ಟಿಕೆಟ್ ಕೊಂಡು ಪ್ರೇಕ್ಷಕರ ನಡುವೆ ಕುಳಿತಿದ್ದರೆಂದು ಅವರ ಕಥೆ ಬರೆದವರು ದಾಖಲಿಸಿದ್ದಾರೆ. ಆಗಸ್ಟ್ 2ರಂದು, 47ನೇ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ಮನ್ನಣೆ ಬಂದದ್ದು ಆಮೇಲೆ. 1989ರಲ್ಲಿ ಅವರನ್ನು ಕುರಿತ ಪುಸ್ತಕ ಬಂತು. 2000ದಲ್ಲಿ ಅಮೆರಿಕದ ‘ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್’ ಪಕ್ಕವಾದ್ಯದವರಿಗೆಂದೇ ಹೊಸ ವಿಭಾಗ ತೆರೆದು, ಮೊದಲ ಪಟ್ಟಿಯಲ್ಲೇ ಜೇಮರ್ಸನ್ ಹೆಸರನ್ನು ಸೇರಿಸಿತು. 2002ರಲ್ಲಿ ಫಂಕ್ ಬ್ರದರ್ಸ್ ಬಗ್ಗೆ ಸಾಕ್ಷ್ಯಚಿತ್ರವೂ ತೆರೆಕಂಡಿತು.

ಹಾಡಿಗಾಗಿ ಹಿಂದೆ ಸರಿದು ನಿಲ್ಲುವುದು ಬೇಸ್ ವಾದಕನ ಧರ್ಮ. ಅವನು ಹಿಂದೆ ನಿಂತನೆಂಬ ಕಾರಣಕ್ಕೆ ಹೆಸರನ್ನೇ ಬಿಟ್ಟುಬಿಡುವುದು ಕಂಪೆನಿಯ ಲೆಕ್ಕಾಚಾರ. ಇವೆರಡನ್ನೂ ಒಂದೇ ಎಂದುಕೊಂಡ ಕಾಲದಲ್ಲಿ ಜೇಮರ್ಸನ್ ಬದುಕಿದ್ದರು. ಇನ್ನೊಮ್ಮೆ ‘ಮೈ ಗರ್ಲ್’ ಕೇಳುವವರು ಮಾತು ಶುರುವಾಗುವ ಮುಂಚಿನ ಆ ಕೆಲವು ಕ್ಷಣಗಳಿಗೆ ಕಿವಿಗೊಟ್ಟರೆ, ಎಲ್ಲರಿಗಿಂತ ಮೊದಲು ನುಡಿಯುವವರು ಯಾರೆಂಬುದು ತಿಳಿಯುತ್ತದೆ.