ಪುಟ್ಟ ಕಿವಿಯ ಗೆಲುವು

ಸ್ಪ್ಯಾನಿಷ್ ಕಲಿಯಲು ಹೊರಟ ಓದುಗರೊಬ್ಬರು ಬರೆದಿದ್ದಾರೆ: ‘ಮೊಬೈಲ್ ಆ್ಯಪ್ ದಿನಕ್ಕಿಷ್ಟು ಪದ ಅಂತ ಕೊಡುತ್ತದೆ, ಬೆಳಗಾಗುವಷ್ಟರಲ್ಲಿ ಮರೆತುಹೋಗುತ್ತವೆ. ಇನ್ನು ಪದದ ಬಾಲಕ್ಕೆ ಮುದ್ದಿಗೆಂದು ಹಚ್ಚುವ ಈ ಇತೊ, ಇತಾಗಳ ಗೊಡವೆ ನನಗೇಕೆ? ಅವು ಮಕ್ಕಳ ಮಾತಲ್ಲವೆ?’

ಅಲ್ಲ ಸ್ವಾಮಿ. ಆ ಭಾಷೆಯಲ್ಲಿ ದೊಡ್ಡವರ ಎಷ್ಟೋ ಪದಗಳು ಹುಟ್ಟಿದ್ದೇ ಮುದ್ದುಮಾತಿನಿಂದ. ಸ್ಪ್ಯಾನಿಷ್‌ನ ಮೂಲವಾದ ಲ್ಯಾಟಿನ್ನಿನಲ್ಲಿ ಕಿವಿಗೆ ‘ಔರಿಸ್’. ಜನ ಅದನ್ನು ‘ಔರಿಕುಲಾ’, ಪುಟ್ಟ ಕಿವಿ, ಅಂದರು; ಆಡುತ್ತ ಆಡುತ್ತ ಸವೆದು ‘ಒರಿಕ್ಲಾ’ ಆಯಿತು. ‘ಅಪೆಂಡಿಕ್ಸ್ ಪ್ರೊಬಿ’ ಎಂಬ ಹಳೆಯ ತಪ್ಪು-ಒಪ್ಪುಗಳ ಪಟ್ಟಿಯೊಂದಿದೆ. ‘ಔರಿಸ್ ಸರಿ, ಒರಿಕ್ಲಾ ಅಲ್ಲ’ ಎಂದು ಅದರಲ್ಲಿ ಯಾರೋ ತಿದ್ದಿದ್ದಾರೆ. ಜನ ಕಿವಿಗೆ ಹಾಕಿಕೊಳ್ಳಲಿಲ್ಲ. ಒರಿಕ್ಲಾ ಇಂದು ಸ್ಪ್ಯಾನಿಷ್‌ನ ‘ಒರೇಹಾ’. ಜೇನ್ನೊಣ ‘ಅಬೇಹಾ’, ಕುರಿ ‘ಒಬೇಹಾ’, ಮಸೂರ ‘ಲೆಂತೇಹಾ’ ಆದದ್ದೂ ಹೀಗೆಯೇ. ನಾಲ್ಕನ್ನೂ ಒಟ್ಟಿಗೆ ಗಟ್ಟಿಯಾಗಿ ಹೇಳಿ ನೋಡಿ, ಹೇಗೆ ಮರೆಯುತ್ತವೆ?

ದಿನವಿಡೀ ಕೈಗೆ ಸಿಗುವುದನ್ನು, ಸಾಕಿದ್ದನ್ನು, ಹೆದರಿಸುವುದನ್ನು ಜನ ಮುದ್ದಿನ ಹೆಸರಿಂದ ಕರೆಯುತ್ತಾರೆ, ಆಮೇಲೆ ಮೂಲ ಹೆಸರು ತಾನಾಗಿ ಉದುರುತ್ತದೆ ಎಂಬುದು ನನ್ನ ವಾದ. ಹೆದರಿಕೆಯ ಮಾತೇಕೆಂದರೆ, ಕೋಳಿಗೂಡಿಗೆ ನುಗ್ಗುವ ವೀಸೆಲ್ ಎಂಬ ಪುಟ್ಟ ಪ್ರಾಣಿಗೆ ಸ್ಪ್ಯಾನಿಷ್‌ನಲ್ಲಿ ‘ಕೊಮಾದ್ರೇಹಾ’ ಅನ್ನುತ್ತಾರೆ. ‘ಕೊಮಾದ್ರೆ’ ಎಂದರೆ ಮಗುವಿನ ಧರ್ಮತಾಯಿ, ಮನೆಯವರಷ್ಟೇ ಹತ್ತಿರದವಳು. ಕೋಳಿಯ ಕತ್ತು ಮುರಿಯುವ ಪ್ರಾಣಿಗೆ ಅವಳ ಹೆಸರು, ಅದೂ ಮುದ್ದಿನ ರೂಪದಲ್ಲಿ! ನಮ್ಮಜ್ಜಿ ದೀಪ ಹಚ್ಚಿದ ಮೇಲೆ ಹಾವು ಅನ್ನಲು ಬಿಡುತ್ತಿರಲಿಲ್ಲ. ‘ಹುಳ’ ಅನ್ನಬೇಕು, ಇಲ್ಲವೇ ‘ನಾಗಪ್ಪ’. ಹಿತ್ತಲಲ್ಲಿ ಸರಿದದ್ದು ನಾಗರವೋ ಕೇರೆಯೋ ಗೊತ್ತಿರದಿದ್ದರೂ ‘ಅಪ್ಪ’ ಸೇರಿಸಿಯೇ ಕರೆಯುತ್ತಿದ್ದಳು. ಮೈಮೇಲೆದ್ದ ಸಿಡುಬೂ ‘ಅಮ್ಮ’ನೇ. ನೆಂಟಸ್ತಿಕೆ ಹೇಳಿಕೊಂಡರೆ ಕೇಡು ಮಾಡದು ಎಂಬ ಆ ನಂಬಿಕೆಯೇ ಸ್ಪೇನ್‌ನ ಕೋಳಿ ಸಾಕುವವರಲ್ಲೂ ಇತ್ತೆಂದು ನನಗೆ ಬಲವಾಗಿ ಅನಿಸುತ್ತದೆ.

ಈಗಿನ ಕಲಿಕೆಯಲ್ಲಿ ಇದಕ್ಕೆಲ್ಲ ವ್ಯವಧಾನವಿಲ್ಲ. ಇತೊ ಅಂದರೆ ಸಣ್ಣದು, ಮುಂದಿನ ಪಾಠಕ್ಕೆ ನಡೆಯಿರಿ! ‘ಅಓರಾ’ ಎಂದರೆ ಈಗ. ಮೆಕ್ಸಿಕೊದವರು ‘ಅಓರಿತಾ’ ಬರುತ್ತೇನೆ ಅಂದರೆ ಈಗಲೇ ಬಂದಾರು, ಸಂಜೆಗೂ ಬಂದಾರು. ಇದರಲ್ಲಿ ಸಣ್ಣದೇನಿದೆ?

ಓದುಗರು ಅಜ್ಜಿಯಿಂದಲೇ ಶುರುಮಾಡಲಿ. ‘ಅಬುವೇಲಾ’ ಎಂಬುದು ಲ್ಯಾಟಿನ್ನಿನ ‘ಅವಿಯಾ’ ಎಂಬ ಅಜ್ಜಿಯ ಮುದ್ದಿನ ರೂಪದಿಂದ ಬಂದದ್ದು. ಆ ಮುದ್ದು ಸವೆದು ಬರೀ ಅಜ್ಜಿ ಉಳಿದಾಗ ಮೊಮ್ಮಕ್ಕಳು ಸುಮ್ಮನಿರಲಿಲ್ಲ, ಮೇಲೊಂದು ಇತಾ ಹಚ್ಚಿ ‘ಅಬುವೆಲಿತಾ’ ಅಂದರು.